ಹಿಂದಕ್ಕೆ ಮುಖ ಮಾಡಿದ ಸೀಟು

ಬೋರ್ಡಿನ ಮೇಲೆ ಡಾಲರ್ ಚಿಹ್ನೆ, ಅದರ ಪಕ್ಕ 1500 ಎಂದು ಬರೆದಿತ್ತು. ಅಮ್ಮ ಮೆಲ್ಲಗೆ ನನ್ನ ಅಂಗಿಯ ತುದಿ ಎಳೆದಳು. "ಇದೆಂತ ಮಾರಾಯ, ಬಾಡಿಗೆಗಾ ಕ್ರಯಕ್ಕಾ?"

ಮೆಕ್ಸಿಕೊದ ಪೆಸೊಗೂ ಡಾಲರಿಗೂ ಒಂದೇ ಚಿಹ್ನೆ. ಸರಿಯಾಗಿ ಹೇಳಬೇಕೆಂದರೆ ಪೆಸೊದ ಚಿಹ್ನೆಯನ್ನೇ ಡಾಲರ್ ಎತ್ತಿಕೊಂಡಿದ್ದು. ಇದನ್ನು ಅಮ್ಮನಿಗೆ ಹೇಳಿ, ಪೆಸೊವನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಒಪ್ಪಿಸಿದೆ. ಸುಮಾರು ಏಳು ಸಾವಿರ. ಅವಳಿಗೆ ಸಮಾಧಾನ ಆಗಲಿಲ್ಲ. ಏಳು ಸಾವಿರಕ್ಕೆ ಕೊಪ್ಪದಲ್ಲಿ ಜೀಪು ಮಾಡಿದರೆ ಶೃಂಗೇರಿ, ಹೊರನಾಡು ಎರಡೂ ತೋರಿಸಿಕೊಂಡು ಬರ್ತಾರೆ, ಮೇಲೆ ಊಟದ ಹೊತ್ತಿಗೆ ಮನೆಗೂ ಬಿಡ್ತಾರೆ ಎಂದಳು. ಇಲ್ಲಿ ನೋಡಿದರೆ ಬಾಗಿಲೇ ಇಲ್ಲದ ಗಾಡಿ. ಅದನ್ನು ಓಡಿಸಬೇಕಾದವನೂ ನಾನೇ.

ಅವಳ ಮಂಡಿ ನೋವಿಗಾಗಿಯೇ ಈ ಗಾಲ್ಫ್ ಕಾರ್ಟ್ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ನಡೆದೇ ಹೋಗೋಣ ಅಂದುಬಿಡುತ್ತಿದ್ದಳು.

ನಾವಿದ್ದದ್ದು ಇಸ್ಲಾ ಮುಹೇರೆಸ್‌ನಲ್ಲಿ. ಮೆಕ್ಸಿಕೊದ ಕಾನ್ಕುನ್ ಪಟ್ಟಣದ ಎದುರು, ಕೆರಿಬಿಯನ್ ಕಡಲಲ್ಲಿ ಬಿದ್ದಿರುವ ಒಂದು ಸಣ್ಣ ದ್ವೀಪ. ಉದ್ದ ಏಳು ಕಿಲೋಮೀಟರ್. ಅಗಲ ಹೆಚ್ಚಿನ ಕಡೆ ಒಂದು ಕಿಲೋಮೀಟರ್ ಕೂಡ ಇಲ್ಲ. ನಮ್ಮ ಅವರೆಕಾಯಿಯನ್ನು ಸ್ವಲ್ಪ ಎಳೆದು ಉದ್ದ ಮಾಡಿದ ಹಾಗೆ. ಕಾನ್ಕುನ್‌ನಿಂದ ಫೆರಿಯಲ್ಲಿ ಇಪ್ಪತ್ತು ನಿಮಿಷ. ಮನೆ ಇರುವ ಡಲ್ಲಾಸ್‌ನಿಂದ ಕಾನ್ಕುನ್‌ಗೆ ವಿಮಾನದಲ್ಲಿ ಮೂರು ಗಂಟೆಯೊಳಗೆ. ಅಮೆರಿಕದ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೊ ಬೇರೆ ವೀಸಾ ಕೇಳುವುದಿಲ್ಲ. ಹಾಗಾಗಿ ಆರು ತಿಂಗಳಿಗೆಂದು ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋಗುವುದು ಕಷ್ಟವಾಗಲಿಲ್ಲ. ಡಲ್ಲಾಸ್‌ನಲ್ಲಿ ಅವಳು ಒಂದೋ ಮನೆಯೊಳಗೆ, ಇಲ್ಲವೇ ಗಾಜು ಏರಿಸಿದ ಕಾರಿನೊಳಗೆ. "ಇಲ್ಲಿ ಗಾಳಿಯನ್ನೂ ಬಾಟಲಿಯಲ್ಲಿ ಕೊಡ್ತೀರಿ" ಎಂದು ಒಮ್ಮೆ ಹೇಳಿದ್ದು ನನ್ನ ತಲೆಯಲ್ಲೇ ಕೂತಿತ್ತು.

ಬಾಡಿಗೆಯ ಹುಡುಗ ನನ್ನ ಲೈಸೆನ್ಸ್ ನೋಡಿದ, ಒಂದು ಫೋಟೊ ಹೊಡೆದುಕೊಂಡ, ಸಂಜೆ ಐದಕ್ಕೆ ವಾಪಸ್ ಎಂದ. ಗಾಡಿ ಓಡಿಸುವ ಪಾಠ ಒಂದು ನಿಮಿಷದ್ದು. ಕೀ ತಿರುಗಿಸಿದರೆ ಏನೂ ಆಗುವುದಿಲ್ಲ. ಪೆಡಲ್ ಒತ್ತಿದರೆ ಎಂಜಿನ್ ಶುರು, ಕಾಲು ತೆಗೆದರೆ ಬಂದ್. ಸೀಟಿನ ಕೆಳಗೆ ಒಂದು ಹಿಡಿಕೆ ಇದೆ, ಈ ಕಡೆ ತಿರುಗಿಸಿದರೆ ಮುಂದಕ್ಕೆ, ಆ ಕಡೆ ತಿರುಗಿಸಿದರೆ ಹಿಂದಕ್ಕೆ. ಅಷ್ಟೇ. ಹುಲ್ಲಿನ ಮೈದಾನದಲ್ಲಿ ಚೆಂಡು ಹುಡುಕಿಕೊಂಡು ಹೋಗಲು ಮಾಡಿದ ವಸ್ತು ಒಂದಿಡೀ ದ್ವೀಪದ ಸಾರಿಗೆಯಾಗಿ ಕೂತಿದೆ. ಇಲ್ಲಿ ಕಾರುಗಳೂ ಇವೆ, ಟ್ಯಾಕ್ಸಿಯೂ ಉಂಟು, ಅವು ಬರಲು ಆಚೆ ದಡದ ಪುಂಟಾ ಸಾಮ್‌ನಿಂದ ಬೇರೆ ದೋಣಿಯೇ ಇದೆ. ಆದರೆ ಒಂದು ದಿನಕ್ಕೆ ಬರುವವರಿಗೆ ಗಾಲ್ಫ್ ಕಾರ್ಟೇ.

ನಾಲ್ಕು ಸೀಟು. ಎರಡು ಮುಂದಕ್ಕೆ ಮುಖ ಮಾಡಿದವು, ಎರಡು ಹಿಂದಕ್ಕೆ. ಮುಂದಿನದರಲ್ಲಿ ಅಮ್ಮನೇ ಕೂರಲಿ ಎಂದು ನನ್ನ ಹೆಂಡತಿ ಜಾಗ ಬಿಟ್ಟಳು. ಅಮ್ಮ ಗಾಡಿಯನ್ನು ಒಂದು ಸುತ್ತು ಬಂದು, ಹಿಂದಿನ ಸೀಟಿನ ಮೇಲೆ ಕೈಯಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ಕೂತಳು.

"ಎತ್ತಿನ ಗಾಡಿ ಹಿಂದೆ ಹೀಗೇ ಕೂರ್ತಿದ್ವು ನಾವು. ಕಾಲು ಇಳಿಬಿಟ್ಕೊಂಡು. ನೀನು ಹೊಡಿ."

ಎಂಟು ವರ್ಷದ ಮಗಳು ಅಜ್ಜಿಯ ಪಕ್ಕ ಹತ್ತಿದಳು.

ದಾರಿ ತಪ್ಪುವುದು ಇಲ್ಲಿ ಕಷ್ಟ. ಉತ್ತರದ ತುದಿಯಲ್ಲಿ ಊರಿನ ಪೇಟೆ, ದಕ್ಷಿಣದ ತುದಿಯಲ್ಲಿ ಬಂಡೆ. ನಡುವೆ ಎರಡೂ ಬದಿಗೆ ಕಡಲು. ಎಲ್ಲೂ ನಿಲ್ಲಿಸದೆ ಹೋದರೆ ಒಂದು ಸುತ್ತಿಗೆ ಒಂದು ಗಂಟೆಯೂ ಬೇಡ. ನಾನು ಮೂಡಣ ಬದಿಯ ರಸ್ತೆ ಹಿಡಿದೆ. ಎಡಕ್ಕೆ ಕಡಲು ಎಷ್ಟು ನೀಲಿ ಎಂದರೆ ಫೋಟೊ ತೆಗೆದರೆ ಸುಳ್ಳು ಅನ್ನಿಸುತ್ತದೆ. ಈ ಬದಿಯಲ್ಲಿ ತೆರೆ ಜೋರು. ಸರ್ಗಾಸೊ ಎಂಬ ಕಂದು ಪಾಚಿ ರಾಶಿ ರಾಶಿಯಾಗಿ ದಡಕ್ಕೆ ಬಂದು ಬಿದ್ದು ಕೊಳೆಯುವುದೂ ಈ ಬದಿಯಲ್ಲೇ ಜಾಸ್ತಿ. ಪೋಸ್ಟ್‌ಕಾರ್ಡಿನಲ್ಲಿ ಬರುವ ಬಿಳಿ ಮರಳಿನ ಪ್ಲಾಯಾ ನೋರ್ಟೆ ಉತ್ತರದ ತುದಿಯಲ್ಲಿದೆ. ಅಲ್ಲಿ ನೀರು ಸೊಂಟದವರೆಗೆ ಬರಲು ತುಂಬ ದೂರ ನಡೆಯಬೇಕು.

ಗಾಡಿಯ ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಇರಬಹುದು. ಜೊತೆಗೆ ಹೆಜ್ಜೆಗೊಂದು ಹಂಪ್. ಮೊದಲು ಒಂದು ಹಳದಿ ಫಲಕ, ಆಮೇಲೆ ಸೊಂಟ ಮುರಿಯುವ ಉಬ್ಬು. ಫಲಕದ ಮೇಲೆ ಬರೆದದ್ದನ್ನು ಮಗಳು ಓದಿದಳು, "ಟೋಪೆ". ಅಮ್ಮ ತಕ್ಷಣ, "ಟೋಪಿಯೇ. ಏಳು ಸಾವಿರದ ಟೋಪಿ" ಎಂದಳು. ಆಮೇಲೆ ಪ್ರತಿ ಹಂಪ್ ಬಂದಾಗಲೂ ಅಜ್ಜಿ ಮೊಮ್ಮಗಳು ಒಟ್ಟಿಗೆ "ಟೋಪಿ" ಎಂದು ಕೂಗುವುದು ಶುರುವಾಯಿತು.

ನಾನು ಖುಷಿಯಲ್ಲಿದ್ದೆ. ಗಾಳಿ, ಕಡಲು, ಅಮ್ಮನ ನಗು. ಆಗ ಹಿಂದಿನಿಂದ ಅವಳ ದನಿ ಬಂತು. "ಹನ್ನೊಂದು ಜನ ಆದ್ರು. ಬದಿಗೆ ಹಾಕು."

ಏನು ಹನ್ನೊಂದು? ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಅವಳ ತುರುಬು ಮಾತ್ರ. ಗಾಡಿ ಬದಿಗೆ ಹಾಕಿದೆ. ಹನ್ನೊಂದು ಸ್ಕೂಟರು, ಮೊಪೆಡ್‌ಗಳು ಒಂದರ ಹಿಂದೆ ಒಂದು ದಾಟಿ ಹೋದವು. ಇಡೀ ದಾರಿ ಅವು ನನ್ನ ಹಿಂದೆ ತೆವಳುತ್ತಿದ್ದವು. ಯಾರೂ ಹಾರ್ನ್ ಹೊಡೆದಿರಲಿಲ್ಲ. ಒಬ್ಬ ಕಾಲ ನಡುವೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡಿದ್ದ. ಒಬ್ಬಳು ಹೋಟೆಲ್ ಕೆಲಸದ ಯೂನಿಫಾರ್ಮಿನಲ್ಲಿದ್ದಳು, ಅವಳ ಮುಂದೆ ಒಂದು ಮಗು, ಹಿಂದೆ ಶಾಲೆ ಚೀಲದ ಇನ್ನೊಂದು. ಆಕೆ ದಾಟುವಾಗ ಅಮ್ಮನಿಗೆ ಕೈ ಎತ್ತಿದಳು. ಅಮ್ಮನೂ ಎತ್ತಿದಳು. ಅವರಿಬ್ಬರಿಗೂ ಆಗಲೇ ಎರಡು ಕಿಲೋಮೀಟರ್‌ನಷ್ಟು ಪರಿಚಯ ಆಗಿತ್ತು.

ಹಿಂದಕ್ಕೆ ಮುಖ ಮಾಡಿ ಕೂತವರಿಗೆ ಬೇರೆಯೇ ದ್ವೀಪ ಕಾಣುತ್ತದೆ ಎಂದು ನನಗೆ ಹೊಳೆದದ್ದು ಆಗ. ನನಗೆ ಕಾಣುತ್ತಿದ್ದದ್ದು ಮುಂದೆ ಹೋಗುವ ಇನ್ನೊಂದು ಗಾಲ್ಫ್ ಕಾರ್ಟ್, ಅದರಲ್ಲಿ ನನ್ನ ಹಾಗೇ ಟೊಪ್ಪಿ ಹಾಕಿದ ಇನ್ನೊಬ್ಬ. ಅವಳಿಗೆ ಕಾಣುತ್ತಿದ್ದದ್ದು ನಮ್ಮಿಂದಾಗಿ ಕಾಯುತ್ತಿದ್ದವರು. ಅಲ್ಲಿಂದ ಮುಂದೆ ಅವಳು ಕಂಡಕ್ಟರ್ ಆದಳು. ಐದು ಜನ ಸೇರಿದರೆ ಗಾಡಿ ಬದಿಗೆ. ಎಣಿಸುವ ಕೆಲಸ ಮಗಳದ್ದು. ಅವಳ ಕನ್ನಡದ ಎಣಿಕೆ ಹತ್ತರ ಮೇಲೆ ಸ್ವಲ್ಪ ತಡವರಿಸುತ್ತಿತ್ತು, ಆ ದಿನ ಸರಾಗ ಆಯಿತು.

ದಕ್ಷಿಣದ ತುದಿ ಪುಂಟಾ ಸುರ್. ಮೆಕ್ಸಿಕೊ ದೇಶಕ್ಕೆ ಮೊದಲು ಸೂರ್ಯ ಮೂಡುವುದು ಇಲ್ಲಿ ಎಂದು ಹೇಳುತ್ತಾರೆ. ದೇಶದ ಮೂಡಣ ತುದಿಯೇ ಇದು. ಟಿಕೆಟ್ ಕೊಟ್ಟು ಒಳಗೆ ಹೋದರೆ ಬಣ್ಣ ಬಳಿದ ದೊಡ್ಡ ದೊಡ್ಡ ಲೋಹದ ಶಿಲ್ಪಗಳಿವೆ. ಅವು ನನಗೆ ಅಷ್ಟಕ್ಕಷ್ಟೆ. ಬಿಸಿಲು ಕಾಯಿಸುತ್ತ ಮಲಗಿದ್ದ ಇಗ್ವಾನಾಗಳು ಅವಕ್ಕಿಂತ ಚೆನ್ನಾಗಿದ್ದವು. "ಉಡ ಅಲ್ವಾ ಇದು" ಎಂದು ಅಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಉಡ ಅಲ್ಲ, ಸೊಪ್ಪು ತಿನ್ನೋದು ಎಂದೆ. "ನಮ್ಮೋರೇ ಹಾಗಾದ್ರೆ" ಎಂದು ಮುಂದೆ ಬಂದಳು.

ಬಂಡೆಯ ತುದಿಯಲ್ಲಿ ಒಂದು ಕಲ್ಲಿನ ಗುಡಿಯ ಅವಶೇಷ. ಮಾಯಾ ಜನರ ದೇವತೆ ಇಶ್ಚೆಲ್‌ಗೆ ಸೇರಿದ್ದು. ಚಂದ್ರ, ಹೆರಿಗೆ, ಔಷಧಿ, ನೇಯ್ಗೆ ಎಲ್ಲವೂ ಅವಳ ಕೈಯಲ್ಲಿ. 1517ರಲ್ಲಿ ಕ್ಯೂಬಾದಿಂದ ಹೊರಟ ಹೆರ್ನಾಂಡೆಸ್ ದೆ ಕೊರ್ದೊಬಾ ಎಂಬ ಸ್ಪೇನಿನವನ ಹಡಗುಗಳು ಈ ಕಡೆ ಬಂದಾಗ ಹೆಣ್ಣು ರೂಪದ ಮೂರ್ತಿಗಳು ಕಂಡವಂತೆ. ಅದಕ್ಕೇ ಈ ಹೆಸರು, ಹೆಂಗಸರ ದ್ವೀಪ. ಮೂರ್ತಿಗಳು ಈಗ ಇಲ್ಲ. ಇದ್ದ ಗುಡಿಯನ್ನೂ 1988ರ ಗಿಲ್ಬರ್ಟ್ ಚಂಡಮಾರುತ ಹಾಳು ಮಾಡಿ ಹೋಯಿತು. ಉಳಿದಿರುವುದು ಒಂದಿಷ್ಟು ಗೋಡೆ, ಅದರ ಆಚೆ ಇಳಿಜಾರು, ಆಮೇಲೆ ನೀರು.

ಅಮ್ಮನಿಗೆ ಕುತೂಹಲ ಇದ್ದದ್ದು ಬೇರೆ ವಿಷಯದಲ್ಲಿ. "ಬಾಣಂತಿ ಕಾಯೋ ದೇವರು ಅಂತೀಯ. ಬಸುರಿಯರು ದೋಣೀಲಿ ಬಂದು ಈ ಬಂಡೆ ಹತ್ತಬೇಕಿತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಚಪ್ಪಲಿ ಬಿಟ್ಟು, ಒಂದು ಕ್ಷಣ ನಿಂತು, ಕೈ ಮುಗಿಯಲೋ ಬೇಡವೋ ಎಂದು ಸುತ್ತ ನೋಡಿ, ಕೊನೆಗೆ ಮುಗಿದಳು. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಹುಡುಗಿ ಕೈ ಇಳಿಸಿ ಜಾಗ ಬಿಟ್ಟಳು.

ನೀರೊಳಗಿನ ಶಿಲ್ಪಗಳ ಮ್ಯೂಸಿಯಂ, ಆಮೆ ಸಾಕುವ ಜಾಗ, ಹವಳದ ಬಂಡೆಗಳ ಮೇಲೆ ಈಜುವುದು, ಇವೆಲ್ಲ ಇವೆ. ನಾವು ಹೋಗಲಿಲ್ಲ. ಸೀರೆ ಉಟ್ಟವಳನ್ನು ಕರೆದುಕೊಂಡು ನೀರಿಗೆ ಹಾರುವುದು ಹೇಗೆ?

ವಾಪಸ್ ಬರುವಾಗ ಪಡುವಣ ಬದಿ. ಹೊಟ್ಟೆ ಚುರುಗುಟ್ಟುತ್ತಿತ್ತು. ದಾರಿಯುದ್ದಕ್ಕೂ ಕೆಂಪು ಮಸಾಲೆ ಹಚ್ಚಿ ಬೆಂಕಿಯ ಮೇಲೆ ಬೇಯಿಸಿದ ಮೀನಿನ ಪರಿಮಳ. ಟಿಕಿನ್ ಶಿಕ್ ಅನ್ನುತ್ತಾರೆ, ಈ ಕಡೆಯ ಹೆಸರುವಾಸಿ ಅಡುಗೆ. ಮೀನು ತಿನ್ನುವವರು ಬಿಡಬಾರದು. ನಮಗೆ ಸಿಕ್ಕಿದ್ದು ಗಾಡಿಯಲ್ಲಿ ಮಾರುತ್ತಿದ್ದ ಮಾವಿನಹಣ್ಣು, ಮೇಲೆ ನಿಂಬೆರಸ, ಉಪ್ಪು, ಮೆಣಸಿನ ಪುಡಿ. ಅಮ್ಮ ಒಂದು ಹೋಳು ಬಾಯಿಗಿಟ್ಟು ಸುಮ್ಮನಾದಳು. ಆಮೇಲೆ ಇನ್ನೊಂದು ಲೋಟ ತರಲು ಹೇಳಿದಳು. ಮೆಣಸಿನಕಾಯಿ ನಮಗೆ ಬಂದದ್ದೇ ಈ ಖಂಡದಿಂದ, ಪಪ್ಪಾಯಿ, ಸೀಬೆ, ಗೇರು ಕೂಡ ಎಂದೆ. "ಮತ್ತೆ ತೆಂಗು?" ಎಂದು ದಾರಿ ಬದಿಯ ಮರ ತೋರಿಸಿದಳು.

ತೆಂಗು ಮಾತ್ರ ನಮ್ಮ ಕಡೆಯದು. ಕೊಲಂಬಸ್ಸನ ಕಾಲಕ್ಕೆ ಈ ಕಡಲ ದಡದಲ್ಲಿ ತೆಂಗು ಇರಲಿಲ್ಲ. ಯುರೋಪಿನವರ ಹಡಗುಗಳಲ್ಲಿ ಹಿಂದೂ ಮಹಾಸಾಗರದ ಕಡೆಯಿಂದ ಆಫ್ರಿಕ ಸುತ್ತಿಕೊಂಡು ಬಂತು. ಕೆರಿಬಿಯನ್ ಎಂದ ಕೂಡಲೇ ಕಣ್ಣಿಗೆ ಬರುವ ಮರ ಹೊರಗಿನದು, ಅಲ್ವಾ? ಬಂದು ಬೇರು ಬಿಟ್ಟ ಮೇಲೂ ಸುಖ ಇರಲಿಲ್ಲ. 1980ರ ದಶಕದಲ್ಲಿ ಈ ಕರಾವಳಿಗೆ ಒಂದು ರೋಗ ಬಂತು. ಎಲೆ ಹಳದಿಯಾಗುವುದು, ಕಾಯಿ ಉದುರುವುದು, ಕೊನೆಗೆ ತಲೆ ಕಳಚಿ ಬೋಳು ಕಂಬ ನಿಲ್ಲುವುದು. ಎತ್ತರದ ಹಳೆಯ ಮರಗಳು ಲೆಕ್ಕವಿಲ್ಲದಷ್ಟು ಹೋದವು. ಈಗ ರೋಗ ತಡೆಯುವ ತಳಿ ನೋಡಿ ನೆಡುತ್ತಾರೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಕೆಲಸ ಅದು. ಗಿಡದಿಂದ ಗಿಡಕ್ಕೆ ಸಣ್ಣ ಕೀಟ ಹೊತ್ತುಕೊಂಡು ಹೋಗುತ್ತದೆ.

ಇದನ್ನು ಹೇಳುವಾಗ ಅಮ್ಮ ಮಾವಿನ ಲೋಟ ಕೆಳಗಿಟ್ಟಳು. ಕೊಪ್ಪ, ಶೃಂಗೇರಿಯ ಅಡಿಕೆ ತೋಟಗಳನ್ನು ತಿಂದ ಹಳದಿ ಎಲೆ ರೋಗಕ್ಕೂ ಇದೇ ಜಾತಿಯ ಜೀವಿಯ ಹೆಸರು ಹೇಳುತ್ತಾರೆ. ನಮ್ಮ ಕೆಳಗಿನ ತೋಟ ಹೋದದ್ದು ಅದರಲ್ಲೇ. ಅಪ್ಪ ಇದ್ದಾಗಲೇ. "ಇವರು ಯಾವ ಔಷಧಿ ಹೊಡೆದ್ರಂತೆ?" ಎಂದು ಕೇಳಿದಳು. ಔಷಧಿ ಇಲ್ಲ, ಮರ ಬದಲಾಯಿಸಿದರು ಎಂದೆ. "ಹೂಂ. ಅಪ್ಪನೂ ಅದನ್ನೇ ಅಂತಿದ್ರು" ಎಂದು ಗಾಡಿ ಹತ್ತಿದಳು. ಮೆಕ್ಸಿಕೊದ ರಸ್ತೆ ಬದಿಯಲ್ಲಿ ಅಪ್ಪನ ಮಾತು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಮೊದಲ ಸುತ್ತು ಮುಗಿದಾಗ ಮಧ್ಯಾಹ್ನ ಒಂದೂವರೆ. ಐದರವರೆಗೆ ಗಾಡಿ ನಮ್ಮದು. ಪ್ಲಾಯಾ ನೋರ್ಟೆಯಲ್ಲಿ ಕಾಲು ಚಾಚೋಣ ಎಂದು ಹೆಂಡತಿ. "ನಡುವಿನ ಊರು ನೋಡೋಣ. ಆ ಸಿಲಿಂಡರಿನವನು ಬಲಕ್ಕೆ ತಿರುಗಿದ್ನಲ್ಲ, ಅಲ್ಲಿ" ಎಂದು ಅಮ್ಮ. ದುಡ್ಡು ಕೊಟ್ಟಿದ್ದೇವೆ, ಎರಡೂ ಆಗಲಿ ಎಂದೆ.

ಮೊದಲು ಸಿಕ್ಕಿದ್ದು ಸ್ಮಶಾನ. ಪ್ಲಾಯಾ ನೋರ್ಟೆಯ ಹತ್ತಿರವೇ ಇದೆ. ಸಣ್ಣ ಸಣ್ಣ ಮನೆಗಳಂತೆ ಗೋರಿಗಳು, ಗುಲಾಬಿ, ಹಸಿರು, ನೀಲಿ ಬಣ್ಣ. ಅಲ್ಲೊಂದು ಗೋರಿಯ ಮೇಲೆ ತಲೆಬುರುಡೆ, ಅಡ್ಡ ಮೂಳೆ. ಫೆರ್ಮಿನ್ ಮುಂಡಾಕಾ ಎಂಬವನು ತನಗೆಂದು ಮಾಡಿಟ್ಟದ್ದು. ಹತ್ತೊಂಬತ್ತನೇ ಶತಮಾನದ ಮನುಷ್ಯ. ಪ್ರವಾಸಿಗರ ಪತ್ರಿಕೆಗಳಲ್ಲಿ ಅವನು ಕಡಲ್ಗಳ್ಳ, ಹುಚ್ಚು ಪ್ರೇಮಿ. ಅವನ ನಿಜವಾದ ಕಸುಬು ಗುಲಾಮರ ವ್ಯಾಪಾರ. ಮನುಷ್ಯರನ್ನು ಮಾರಿ ಬಂದ ದುಡ್ಡಿನಲ್ಲಿ ಈ ದ್ವೀಪದಲ್ಲಿ ದೊಡ್ಡ ಜಮೀನು ಮಾಡಿ, ಊರಿನ ಒಬ್ಬ ಹುಡುಗಿಗಾಗಿ ತೋಟ, ಕಮಾನು ಕಟ್ಟಿಸಿದ. ಅವಳು ಬೇರೆಯವನನ್ನು ಮದುವೆಯಾದಳು. ಒಳ್ಳೆಯದೇ ಮಾಡಿದಳು. ಅವನು ಸತ್ತದ್ದು ದೂರದ ಮೆರಿದಾ ಊರಿನಲ್ಲಿ, ಗೋರಿ ಖಾಲಿಯೇ ಉಳಿಯಿತು ಎನ್ನುತ್ತಾರೆ.

ಆ ಹುಡುಗಿಯನ್ನು ಜನ ಲಾ ತ್ರಿಗೇನ್ಯಾ ಎಂದು ಕರೆಯುತ್ತಿದ್ದರು. ತ್ರಿಗೊ ಎಂದರೆ ಗೋಧಿ. ಗೋಧಿ ಬಣ್ಣದವಳು. ಇದನ್ನು ಹೇಳಿದ್ದೇ ತಡ ಅಮ್ಮ ಮತ್ತು ಹೆಂಡತಿ ಇಬ್ಬರೂ ಸ್ಮಶಾನ ಎಂದೂ ನೋಡದೆ ನಕ್ಕರು. ನಮ್ಮ ಮದುವೆಗೆ ಅಮ್ಮನಿಗೆ ಬಂದ ಜಾತಕದ ಹಾಳೆಯಲ್ಲಿ "ಗೋಧಿ ಮೈಬಣ್ಣ" ಎಂದೇ ಬರೆದಿತ್ತು. ಆ ಹಾಳೆ ಇನ್ನೂ ಕೊಪ್ಪದ ಮನೆಯ ಟ್ರಂಕಿನಲ್ಲಿದೆ.

ಆಮೇಲೆ ನಡುವಿನ ಊರು. ಇಲ್ಲಿಗೆ ಬಾಡಿಗೆ ಗಾಡಿಗಳು ಅಷ್ಟಾಗಿ ಬರುವುದಿಲ್ಲ. ಸಿಮೆಂಟಿನ ಸಣ್ಣ ಮನೆಗಳು, ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆ, ಬಾಗಿಲಲ್ಲಿ ದಾಸವಾಳ. ಸುತ್ತ ಉಪ್ಪುನೀರು. ಕುಡಿಯುವ ನೀರು ಬರುವುದು ಆಚೆ ದಡದಿಂದ, ಕಡಲ ತಳದಲ್ಲಿ ಹಾಕಿದ ಪೈಪಿನಲ್ಲಿ. ಹೋಟೆಲುಗಳ ಹಾಸಿಗೆ ಬದಲಿಸುವವರು, ದೋಣಿ ಓಡಿಸುವವರು, ಬೆಳಗ್ಗೆ ನನ್ನ ಹಿಂದೆ ಸಿಕ್ಕಿಹಾಕಿಕೊಂಡವರು, ಎಲ್ಲರ ಮನೆಯೂ ಇಂಥ ಕಡೆ.

ಇಲ್ಲೇ ನನ್ನ ಮಾನ ಹೋಯಿತು. ಒಂದು ಓಣಿಯ ಕೊನೆಯಲ್ಲಿ ದಾರಿ ಮುಚ್ಚಿತ್ತು. ಹಿಂದಕ್ಕೆ ತೆಗೆದು ಮತ್ತೆ ಮುಂದಕ್ಕೆ ಹಾಕಿದೆ. ಪೆಡಲ್ ಒತ್ತಿದರೆ ಎಂಜಿನ್ ಗುರ್ ಅನ್ನುತ್ತದೆ, ಗಾಡಿ ಅಲುಗುವುದಿಲ್ಲ. ಇಳಿದು ಚಕ್ರ ನೋಡಿದೆ. ಮತ್ತೆ ಒತ್ತಿದೆ. ಬಾಡಿಗೆ ಅಂಗಡಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹತ್ತು ನಿಮಿಷದಲ್ಲಿ ಓಣಿಯ ಮಕ್ಕಳೆಲ್ಲ ಸೇರಿದರು. ಒಬ್ಬ ಹುಡುಗ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವನು, ಸೈಕಲ್ಲಿನಿಂದ ಇಳಿಯದೆ ಬಗ್ಗಿ ಸೀಟಿನ ಕೆಳಗಿನ ಹಿಡಿಕೆಯನ್ನು ಟಕ್ ಎಂದು ಪೂರ್ತಿ ತಿರುಗಿಸಿದ. ಅದು ನಡುವಿನಲ್ಲಿ ನಿಂತಿತ್ತು, ಮುಂದಕ್ಕೂ ಅಲ್ಲ, ಹಿಂದಕ್ಕೂ ಅಲ್ಲ. ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್‌ನಲ್ಲಿ ಇದ್ದೇನೆ, ಮೊದಲು ಸ್ವಿಚ್ ನೋಡಿ ಎಂದು ಎಲ್ಲರಿಗೂ ಹೇಳುವವನು ನಾನೇ.

ಅಮ್ಮ ಅಷ್ಟರಲ್ಲಿ ಒಂದು ಮನೆಯ ಜಗಲಿಯಲ್ಲಿ ಕೂತಿದ್ದಳು. ಆ ಮನೆಯ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ್ದರು. ಅಮ್ಮನಿಗೆ ಸ್ಪ್ಯಾನಿಷ್ ಬಾರದು, ಅವರಿಗೆ ಕನ್ನಡ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಆರಾಮಾಗಿ ಮಾತಾಡುತ್ತಿದ್ದರು. ಅಮ್ಮನ ಚೀಲದಿಂದ ಚಕ್ಕುಲಿ ಹೊರಗೆ ಬಂದಿತ್ತು. ಅಜ್ಜಿ ಗೋಡೆಯ ಮೇಲೆ, ಸೊಂಟದ ಎತ್ತರಕ್ಕೆ, ಕೈಯಿಂದ ಒಂದು ಗೆರೆ ಎಳೆದು "ವಿಲ್ಮಾ" ಎಂದರು. ನಾನು ಅರ್ಥ ಹೇಳಿದೆ. ವಿಲ್ಮಾ ಎಂದರೆ 2005ರ ಅಕ್ಟೋಬರಿನಲ್ಲಿ ಬಂದ ಚಂಡಮಾರುತ. ಬಂದದ್ದು ಹೋಗದೆ ಇಲ್ಲೇ ಕೂತುಬಿಟ್ಟಿತು. 24 ಗಂಟೆಯಲ್ಲಿ ಈ ಪುಟ್ಟ ದ್ವೀಪದ ಮೇಲೆ 1,600 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಭೂಮಿಯ ಪಶ್ಚಿಮಾರ್ಧದಲ್ಲಿ ಒಂದು ದಿನದಲ್ಲಿ ಅಷ್ಟು ಮಳೆ ಇನ್ನೆಲ್ಲೂ ದಾಖಲಾಗಿಲ್ಲ.

"ಇಂಚಲ್ಲಿ ಹೇಳು" ಎಂದಳು ಅಮ್ಮ. ನಮ್ಮ ಕಡೆ ಮಳೆ ಇಂದಿಗೂ ಇಂಚಿನಲ್ಲೇ.

"ಅರವತ್ನಾಲ್ಕು."

ಅಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಆಟಿ ತಿಂಗಳಿಡೀ ಮುಸಲಧಾರೆ ಹೊಯ್ದರೂ ನಮ್ಮಲ್ಲಿ ಅಷ್ಟು ಆಗುವುದು ಕಷ್ಟ. ಅವಳು ಎದ್ದು ಹೋಗಿ ಗೋಡೆಯ ಮೇಲೆ ಆ ಗೆರೆ ಇದ್ದ ಜಾಗವನ್ನು ಮುಟ್ಟಿ ನೋಡಿದಳು. ಹೊರಡುವಾಗ ಅಜ್ಜಿ ಎರಡು ನಿಂಬೆಹಣ್ಣು ಕೊಟ್ಟರು.

ಗಾಡಿ ಒಪ್ಪಿಸುವಾಗ ಒಂದು ಗೀರಿನ ಬಗ್ಗೆ ಜಗಳವಾಯಿತು. ಎಡಗಡೆ, ಚಕ್ರದ ಮೇಲೆ. ಮೊದಲೇ ಇತ್ತು ಎಂದು ನಾನು, ಇರಲಿಲ್ಲ ಎಂದು ಅವನು. ನೀವು ಯಾರಾದರೂ ಹೋದರೆ ಹತ್ತುವ ಮೊದಲು ಗಾಡಿಯ ಸುತ್ತ ಒಂದು ವಿಡಿಯೊ ಮಾಡಿಕೊಳ್ಳಿ. ನಾನು ಮಾಡಿರಲಿಲ್ಲ. ಅಮ್ಮ ಮಾಡಿದ್ದಳು, ಬೇಕೆಂದೇ ಅಲ್ಲ. ಕೊಪ್ಪದ ಅಕ್ಕನಿಗೆ ಕಳಿಸಲೆಂದು ಬೆಳಗ್ಗೆ ಹತ್ತುವ ಮೊದಲು ಗಾಡಿಯ ಸುತ್ತ ಫೋನ್ ಹಿಡಿದು "ನೋಡೇ, ಇದಕ್ಕೆ ಏಳು ಸಾವಿರವಂತೆ" ಎಂದು ಹೇಳುತ್ತ ಬಂದಿದ್ದಳು. ಅದರಲ್ಲಿ ಗೀರು ಚೆನ್ನಾಗಿ ಕಾಣುತ್ತಿತ್ತು. ಹುಡುಗ ಎರಡು ಸಲ ನೋಡಿ ಲೈಸೆನ್ಸಿನ ಫೋಟೊ ಅಳಿಸಿದ.

ರಾತ್ರಿ ಅವಳ ಫೋನಿನ ಉಳಿದ ಚಿತ್ರಗಳನ್ನೂ ನೋಡಿದೆ. ಕಡಲು ಒಂದೆರಡರಲ್ಲಿ ಅಂಚಿಗೆ ಬಂದಿತ್ತು, ಅಷ್ಟೇ. ಉಳಿದದ್ದೆಲ್ಲ ನಾವು ಬಿಟ್ಟು ಬಂದ ರಸ್ತೆ. ಅದರ ಮೇಲೆ ಸಣ್ಣಗಾಗುತ್ತ ಹೋಗುವ ಜನ, ನಾಯಿ, ಹಂಪ್.

ಡಲ್ಲಾಸ್‌ಗೆ ಬಂದ ಮೇಲಿನ ಶನಿವಾರ ದಿನಸಿ ತರಲು ಹೊರಟೆವು. ಅಮ್ಮ ಹಿಂದಿನ ಬಾಗಿಲು ತೆಗೆದು ಸೀಟನ್ನು ನೋಡುತ್ತ ನಿಂತಳು.

"ಇದನ್ನ ಆ ಕಡೆ ತಿರುಗಿಸೋಕೆ ಬರಲ್ವಾ?"

"ಬರಲ್ಲ ಅಮ್ಮ. ಬೆಲ್ಟ್ ಹಾಕ್ಕೊ."